ಆ ಟಿಕೆಟ್ಟಿಗೆ ದುಡ್ಡು ಕಟ್ಟುವ ಮುನ್ನ

ನ್ಯೂಜೆರ್ಸಿಗೆ ಹೊಸದಾಗಿ ಬಂದು ಸ್ಟೀರಿಂಗ್ ಹಿಡಿದಿರುವ ಕನ್ನಡದ ಹುಡುಗ ಹುಡುಗಿಯರಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಕಳೆದ ಯುಗಾದಿಯ ಊಟದಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗನೊಬ್ಬ ಎಲೆ ಬರುವ ಮುಂಚೆ ಫೋನಿನಲ್ಲಿ ಏನನ್ನೋ ಒತ್ತಿ, "ಸದ್ಯ, ಮುಗೀತು" ಎಂದು ಉಸಿರುಬಿಟ್ಟ. ಏನಪ್ಪಾ ಎಂದು ಕೇಳಿದೆ. "ಸ್ಪೀಡಿಂಗ್ ಟಿಕೆಟ್ ಆಂಟಿ. ಕೋರ್ಟು ಗೀರ್ಟು ಯಾಕೆ ಅಂತ ಆನ್‌ಲೈನಲ್ಲೇ ಕಟ್ಟಿಬಿಟ್ಟೆ." ಹಬ್ಬದ ಪಂಕ್ತಿಯಲ್ಲಿ ಹೇಳುವ ಮಾತಲ್ಲವೆಂದು ನಾನು ಸುಮ್ಮನಾದೆ. ಮನೆಗೆ ಬಂದ ಮೇಲೆ ಸುಮ್ಮನಿದ್ದದ್ದು ತಪ್ಪಾಯಿತೆನಿಸಿತು. ಅವನು ಕಟ್ಟಿದ್ದು ಬರೀ ದಂಡವಲ್ಲ. ಆ ಗುಂಡಿ ಒತ್ತಿದ ಕ್ಷಣದಲ್ಲಿ ಅವನು ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಿದ್ದ. ವಿಚಾರಣೆ ಕೇಳುವ ತನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದ. ತನ್ನ ಲೈಸೆನ್ಸಿನ ಲೆಕ್ಕಕ್ಕೆ ಎಷ್ಟು ಪಾಯಿಂಟು ಜಮೆಯಾಯಿತೆಂದು ಅವನಿಗೆ ತಿಳಿದಿರಲಿಲ್ಲ. ಕೇಳಿದ್ದರೆ, "ಪಾಯಿಂಟಾ? ಅದೇನು?" ಎನ್ನುತ್ತಿದ್ದನೋ ಏನೋ.

ಆ ಒಬ್ಬನಿಗೆ ಹೇಳಬೇಕಾಗಿದ್ದನ್ನು ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ಎಡಿಸನ್ನಿನಲ್ಲಿ ಎರಡು ದಶಕ ಕಾರು ಓಡಿಸಿದವಳು, ಇದೇ ತಪ್ಪನ್ನು ಮೊದಲು ಮಾಡಿದವಳು, ಅಷ್ಟೇ.

ನನ್ನ ಕಥೆ ಹೀಗೆ. 2009ರ ಡಿಸೆಂಬರಿನ ಒಂದು ಬೆಳಿಗ್ಗೆ ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ ಗಂಟೆಗೆ 65 ಮೈಲಿ ಮಿತಿಯಿದ್ದಲ್ಲಿ ನಾನು 81ರಲ್ಲಿದ್ದೆ. ಹಿಂದೆ ಕೆಂಪು ನೀಲಿ ದೀಪ ಮಿನುಗಿದವು. ಟಿಕೆಟ್ ಬಂತು. ಮನೆಗೆ ಹೋಗಿ, ಚೆಕ್ ಬರೆದು, ಲಕೋಟೆಗೆ ಹಾಕಿ, ಅಂಚೆಪೆಟ್ಟಿಗೆಗೆ ಬಿಟ್ಟು ಮರೆತೆ. ಮುಂದಿನ ಆಗಸ್ಟಿನಲ್ಲಿ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಹಿಂದಿರುಗುವಾಗ ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು. ಬೇರೆ ರಾಜ್ಯದ್ದು, ನಮ್ಮ ರಾಜ್ಯಕ್ಕೇನು ಸಂಬಂಧ ಎಂದುಕೊಂಡು ಅದನ್ನೂ ಕಟ್ಟಿದೆ. ಅದೇ ತಿಂಗಳು ಬಾಡಿಗೆ ಮನೆ ಬದಲಾಯಿಸಿದೆವು. ಲೈಸೆನ್ಸಿನ ವಿಳಾಸ ಬದಲಾಯಿಸುವುದು ಮರೆತುಹೋಯಿತು.

ಆಮೇಲಿನ ಲೆಕ್ಕ ನನಗೆ ಗೊತ್ತಾಗದ ಹಾಗೇ ನಡೆಯಿತು. ಮಿತಿಗಿಂತ 16 ಮೈಲಿ ಹೆಚ್ಚು ಓಡಿಸಿದ್ದಕ್ಕೆ ನ್ಯೂಜೆರ್ಸಿಯಲ್ಲಿ 4 ಪಾಯಿಂಟು. ಹೊರರಾಜ್ಯದಲ್ಲಿ ಮಾಡಿದ ಚಾಲನೆಯ ತಪ್ಪಿಗೆ, ಅಲ್ಲಿ ಎಷ್ಟೇ ಇರಲಿ, ಇಲ್ಲಿ 2 ಪಾಯಿಂಟು. ಒಟ್ಟು 6. ಮೂರು ವರ್ಷದೊಳಗೆ 6 ಮುಟ್ಟಿದರೆ ಕೋರ್ಟಿನ ದಂಡದ ಮೇಲೆ ರಾಜ್ಯ ಪ್ರತ್ಯೇಕವಾಗಿ 150 ಡಾಲರ್ ಸರ್‌ಚಾರ್ಜು ಹಾಕುತ್ತದೆ. ಆರರ ಮೇಲಿನ ಪ್ರತಿ ಪಾಯಿಂಟಿಗೂ 25 ಡಾಲರ್. ಅಷ್ಟು ಪಾಯಿಂಟು ಇರುವ ತನಕ ಅದು ವರ್ಷ ವರ್ಷವೂ ಬರುತ್ತದೆ. ಆ ನೋಟಿಸು ನಮ್ಮ ಹಳೆಯ ವಿಳಾಸಕ್ಕೆ ಹೋಯಿತು. ಸರ್‌ಚಾರ್ಜು ಕಟ್ಟದವರ ಲೈಸೆನ್ಸನ್ನು ಅಮಾನತು ಮಾಡುತ್ತಾರೆ. ನನ್ನದನ್ನೂ ಮಾಡಿದರು. ಎರಡು ತಿಂಗಳು ನಾನು ಅಮಾನತಾದ ಲೈಸೆನ್ಸಿನಲ್ಲೇ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಶಾಲೆ, ಸಂಗೀತದ ಪಾಠ, ಓಕ್ ಟ್ರೀ ರಸ್ತೆ ಎಂದು ಓಡಾಡಿದೆ. ವಿಮೆಯ ಕಂಪನಿಯಿಂದ ಫೋನು ಬಂದಾಗಲೇ ತಿಳಿದದ್ದು. ಆ ಎರಡು ತಿಂಗಳಲ್ಲಿ ಯಾರಿಗಾದರೂ ಗುದ್ದಿದ್ದರೆ ಎಂದು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ. ತಪ್ಪು ನನ್ನದೇ. ಇಲ್ಲಿ ಮನೆ ಬದಲಾಯಿಸಿದ ಒಂದು ವಾರದೊಳಗೆ ಮೋಟಾರ್ ವೆಹಿಕಲ್ ಕಮಿಷನ್ನಿಗೆ ಹೊಸ ವಿಳಾಸ ತಿಳಿಸಬೇಕೆಂಬುದು ಕಾನೂನು. ಸೆಮಿಸ್ಟರಿಗೊಂದು ಅಪಾರ್ಟ್‌ಮೆಂಟ್, ಪ್ರಾಜೆಕ್ಟಿಗೊಂದು ಊರು ಎಂದು ತಿರುಗುವ ನೀವು ಈ ಪತ್ರದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಾವು ಬೆಳೆದು ಬಂದ ಕಡೆ ಟ್ರಾಫಿಕ್ ದಂಡವೆಂದರೆ ದುಡ್ಡಿನ ಲೆಕ್ಕ. ಕಟ್ಟಿದರೆ ತೀರಿತು. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಪೊಲೀಸ್ ಠಾಣೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದು ನಿಮಗೂ ನೆನಪಿರಬೇಕು. 2025ರಲ್ಲೂ ಅಂಥದೇ ರಿಯಾಯಿತಿ ಬಂತು. ಇಲ್ಲಿ ದುಡ್ಡು ಈ ವಿಷಯದ ಸಣ್ಣ ಪಾಲು. ದೊಡ್ಡ ಪಾಲು ದಾಖಲೆ. ಅದೂ ಒಂದಲ್ಲ, ಮೂರು ಕಡೆ ಇರುವ ದಾಖಲೆ: ಟಿಕೆಟ್ ಕೊಟ್ಟ ಊರಿನ ಕೋರ್ಟಿನಲ್ಲಿ ಒಂದು, ನಮ್ಮ ಆರ್‌ಟಿಓಗೆ ಸಮನಾದ ಮೋಟಾರ್ ವೆಹಿಕಲ್ ಕಮಿಷನ್ನಿನಲ್ಲಿ ಇನ್ನೊಂದು, ನಿಮ್ಮ ವಿಮೆಯ ಕಂಪನಿಯಲ್ಲಿ ಮತ್ತೊಂದು. ಮೂರೂ ಒಂದನ್ನೊಂದು ನೋಡುತ್ತವೆ, ಆದರೆ ಮೂರರ ಲೆಕ್ಕವೂ ಒಂದೇ ಅಲ್ಲ. ಇವನ್ನು ಬೇರೆಯವರು ತೆರೆದು ನೋಡುವ ಮೊದಲು ನೀವೇ ತೆರೆದು ನೋಡಬೇಕು. ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಇಷ್ಟನ್ನು ಹೇಳುವುದಕ್ಕೆ.

ಮೊದಲು ಕೋರ್ಟು. ನ್ಯೂಜೆರ್ಸಿಯಲ್ಲಿ ಟ್ರಾಫಿಕ್ ಮೊಕದ್ದಮೆಗಳು ಮುನಿಸಿಪಲ್ ಕೋರ್ಟುಗಳಲ್ಲಿ ನಡೆಯುತ್ತವೆ. ಕರ್ನಾಟಕದ ಏಳೆಂಟರಲ್ಲಿ ಒಂದು ಪಾಲಿನಷ್ಟೂ ಇಲ್ಲದ ಈ ಸಣ್ಣ ರಾಜ್ಯದಲ್ಲಿ 564 ಊರಾಡಳಿತಗಳಿವೆ. ಬಹುಪಾಲು ಊರುಗಳಿಗೆ ತಮ್ಮದೇ ಕೋರ್ಟು, ಕೆಲವು ಕಡೆ ಎರಡು ಮೂರು ಊರು ಸೇರಿ ಒಂದು. ನೀವು ವಾಸವಿರುವ ಊರಿಗೂ ನಿಮ್ಮ ಮೊಕದ್ದಮೆ ನಡೆಯುವ ಊರಿಗೂ ಸಂಬಂಧವಿಲ್ಲ. ನಿಮ್ಮನ್ನು ನಿಲ್ಲಿಸಿದ ಜಾಗ ಯಾವ ಊರಿನ ಎಲ್ಲೆಯಲ್ಲಿದೆಯೋ ಆ ಊರಿನ ಕೋರ್ಟು. ಟರ್ನ್‌ಪೈಕಿನಲ್ಲಿ ಸ್ಟೇಟ್ ಪೊಲೀಸರು ನಿಲ್ಲಿಸಿದರೂ ಇದೇ ನಿಯಮ. ಹೆದ್ದಾರಿಗೆಂದು ಬೇರೆ ಕೋರ್ಟಿಲ್ಲ. ರೂಟ್ 1ರಲ್ಲಿ ಅರ್ಧ ಗಂಟೆ ಓಡಿಸಿದರೆ ಎಷ್ಟು ಊರು ದಾಟುತ್ತೀರೆಂದು ಎಣಿಸಿ ನೋಡಿ. "ಎಡಿಸನ್ ಹತ್ತಿರ ಎಲ್ಲೋ ಹಿಡಿದರು" ಎಂಬ ನೆನಪು ಏನಕ್ಕೂ ಬಾರದು.

ನೆನಪಿಗಿಂತ ಟಿಕೆಟ್ಟನ್ನು ನಂಬಿ. ಅದರ ಮೇಲೆ ನಾಲ್ಕು ಅಂಕೆಯ ಕೋರ್ಟ್ ಸಂಖ್ಯೆಯೊಂದಿರುತ್ತದೆ. ಮೊದಲೆರಡು ಅಂಕೆ ಕೌಂಟಿಯದು, ಅಕಾರಾದಿಯಲ್ಲಿ: ಮರ್ಸರಿಗೆ 11, ಮಿಡ್ಲ್‌ಸೆಕ್ಸಿಗೆ 12. ಉಳಿದೆರಡು ಊರಿನದು. ಆ ಸಂಖ್ಯೆ, ಟಿಕೆಟ್ಟಿನ ಮುನ್ನಂಕ, ಟಿಕೆಟ್ ಸಂಖ್ಯೆ, ಕಾರಿನ ನಂಬರ್ ಪ್ಲೇಟು ಇಷ್ಟಿದ್ದರೆ ಎನ್‌ಜೆಎಂಸಿ ಡೈರೆಕ್ಟ್ ಎಂಬ ಸರಕಾರಿ ತಾಣದಲ್ಲಿ ನಿಮ್ಮ ಮೊಕದ್ದಮೆ ತೆರೆಯುತ್ತದೆ. ಅದು ಬರೀ ದುಡ್ಡು ಕಟ್ಟುವ ಕಿಟಕಿಯೆಂದು ತಿಳಿಯಬೇಡಿ. ಯಾವ ಕಲಮಿನಡಿ ಕೇಸು ಹಾಕಿದ್ದಾರೆ, ಕೋರ್ಟಿಗೆ ಹಾಜರಾಗಲೇಬೇಕೇ ಎಂಬುದು ಅಲ್ಲಿರುತ್ತದೆ. ತಪ್ಪಿತಸ್ಥನಲ್ಲವೆಂದು ಹೇಳಿಕೆ ಸಲ್ಲಿಸುವ ದಾರಿಯೂ ಅಲ್ಲೇ ಇರುತ್ತದೆ. ಕೆಲವು ಬಗೆಯ ಟಿಕೆಟ್ಟುಗಳಿಗೆ ಪ್ರಾಸಿಕ್ಯೂಟರ್ ಜತೆ ಆನ್‌ಲೈನಿನಲ್ಲೇ ಮಾತುಕತೆಗೆ ಅರ್ಜಿ ಹಾಕಲೂಬಹುದು. ಟಿಕೆಟ್ ಕಳೆದುಹೋಗಿದ್ದರೆ ರಾಜ್ಯದ ನ್ಯಾಯಾಂಗವೇ ನಡೆಸುವ ಮುನಿಸಿಪಲ್ ಕೋರ್ಟ್ ಕೇಸ್ ಹುಡುಕಾಟದ ಪುಟವಿದೆ. ಅಲ್ಲಿ ನೋಡಲು ಕಾಸು ಕೊಡಬೇಕಿಲ್ಲ. "ಯಾರದೇ ಟ್ರಾಫಿಕ್ ದಾಖಲೆ ಕ್ಷಣದಲ್ಲಿ" ಎಂದು ಜಾಹೀರಾತು ಹಾಕಿ ಕಾರ್ಡ್ ನಂಬರು ಕೇಳುವ ಖಾಸಗಿ ತಾಣಗಳ ಬಾಗಿಲಿಗೆ ಹೋಗಬೇಡಿ. ನಿಮ್ಮ ಟಿಕೆಟ್ ಬಾಕಿಯಿದೆ, ಟೋಲ್ ಬಾಕಿಯಿದೆ, ಇವತ್ತೇ ಕಟ್ಟದಿದ್ದರೆ ಲೈಸೆನ್ಸು ರದ್ದು ಎಂದು ಫೋನಿಗೆ ಬರುವ ಸಂದೇಶಗಳು ಕಳ್ಳರದು. ಕೊಂಡಿ ಒತ್ತಬೇಡಿ, ಅಳಿಸಿಹಾಕಿ.

ಹುಡುಕಾಟದಲ್ಲಿ ನಮ್ಮವರು ಎಡವುವ ಜಾಗ ಹೆಸರು. ಇದನ್ನು ನಾನು ಎಷ್ಟು ಮನೆಗಳಲ್ಲಿ ಕೂತು ನೋಡಿದ್ದೇನೋ ಲೆಕ್ಕವಿಲ್ಲ. ನಮ್ಮ ಹೆಸರಿನ ಹಿಂದೆ ಊರಿದೆ, ಅಪ್ಪನಿದ್ದಾನೆ, ಕೆಲವರಿಗೆ ಮನೆತನವಿದೆ. ಅಮೆರಿಕದ ಅರ್ಜಿಗಳಿಗೆ ಬೇಕಾದ ಲಾಸ್ಟ್ ನೇಮ್ ಮಾತ್ರ ಅನೇಕರಿಗಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು ಎಂಬ ಮೂರಕ್ಷರ ಬಂದು ಕೂರುತ್ತದೆ, ನಿಜವಾದ ಹೆಸರು ಲಾಸ್ಟ್ ನೇಮಿಗೆ ಜಾರುತ್ತದೆ. ಹೊಳೆನರಸೀಪುರವೋ ಚನ್ನರಾಯಪಟ್ಟಣವೋ ಕುಲನಾಮವಾದವರಿದ್ದಾರೆ. ಅಷ್ಟುದ್ದದ ಹೆಸರು ಟಿಕೆಟ್ಟಿನ ಚೌಕದಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ಲಕ್ಷ್ಮಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಎರಡು ಮೂರು ಬಗೆಯಿದ್ದು, ಲೈಸೆನ್ಸಿನಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಇರುತ್ತದೆ. ಹೆಸರು ಕೊಟ್ಟು ಹುಡುಕಿ "ನನ್ನ ಮೇಲೆ ಏನೂ ಇಲ್ಲ" ಎಂದು ನೆಮ್ಮದಿಯಾಗುವ ಮುನ್ನ ಟಿಕೆಟ್ ಸಂಖ್ಯೆ ಕೊಟ್ಟು ಹುಡುಕಿ. ಅದೂ ಇಲ್ಲದಿದ್ದರೆ ಹೆಸರನ್ನು ಹಿಂದುಮುಂದು ಮಾಡಿ, ಊರನ್ನೇ ಕುಲನಾಮ ಮಾಡಿ, ಅಕ್ಷರ ಬದಲಿಸಿ ಹುಡುಕಿ. ಆಮೇಲೂ ಸಂದೇಹವಿದ್ದರೆ ಆ ಊರಿನ ಕೋರ್ಟಿನ ಕಚೇರಿಗೆ ಫೋನು ಮಾಡಿ ಹುಟ್ಟಿದ ದಿನ ಮತ್ತು ಲೈಸೆನ್ಸ್ ಸಂಖ್ಯೆ ಹೇಳಿ. ಅಲ್ಲಿ ಕೆಲಸ ಮಾಡುವವರು ದಿನವೂ ಇಂಥ ಪ್ರಶ್ನೆಗಳನ್ನು ಕೇಳುವವರು. ಸಂಕೋಚ ಬೇಡ.

ಉತ್ತರಿಸದೆ ಬಿಟ್ಟ ಟಿಕೆಟ್ ತಾನಾಗಿ ಸಾಯುವುದಿಲ್ಲ. ಕೋರ್ಟಿನಿಂದ ನೋಟಿಸು ಬರುತ್ತದೆ, ಆಮೇಲೆ ಲೈಸೆನ್ಸ್ ಅಮಾನತು, ವಾರಂಟೂ ಆಗಬಹುದು. ಕೆಲಸ ಮುಗಿಸಿ ಊರಿಗೆ ಹೋದ ಗೆಳೆಯನ ಕಾರನ್ನು ಕೊಂಡವರು, ಗೆಳೆಯನಿಗೆ ಕಾರು ಕೊಟ್ಟವರು ಕೂಡ ತಮ್ಮ ಹೆಸರಿನಲ್ಲಿ ಏನಾದರೂ ಬಾಕಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈಗ ಪಾಯಿಂಟು. ಮಿತಿಗಿಂತ 1ರಿಂದ 14 ಮೈಲಿ ಹೆಚ್ಚು ಓಡಿಸಿದರೆ 2, 15ರಿಂದ 29ಕ್ಕೆ 4, 30 ಮತ್ತು ಮೇಲ್ಪಟ್ಟು 5. ಅಂದರೆ 14ಕ್ಕೂ 15ಕ್ಕೂ ನಡುವೆ ಒಂದು ಮೈಲಿಯಲ್ಲ, ಎರಡು ಪಾಯಿಂಟಿನ ಅಂತರ. ಸ್ಟಾಪ್ ಫಲಕದಲ್ಲಿ ನಿಲ್ಲದಿದ್ದರೆ, ಕೆಂಪು ದೀಪ ದಾಟಿದರೆ 2. ತಪ್ಪಾಗಿ ಓವರ್‌ಟೇಕ್ ಮಾಡಿದರೆ 4. ಹಳದಿ ಸ್ಕೂಲ್ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತಾಗ ದಾಟಿದರೆ 5. ಯಾರಿಗಾದರೂ ಗಾಯವಾದ ಅಪಘಾತದ ಜಾಗದಿಂದ ಹೊರಟುಹೋದರೆ 8. ಒಟ್ಟು 12 ಮುಟ್ಟಿದರೆ ಲೈಸೆನ್ಸ್ ಅಮಾನತಿನ ನೋಟಿಸು. ಮೊದಲ ಸಲ ಲೈಸೆನ್ಸ್ ಪಡೆದು ಇನ್ನೂ ಪ್ರೊಬೇಷನರಿ ಹಂತದಲ್ಲಿರುವವರಿಗೆ ಹಗ್ಗ ಇನ್ನೂ ಗಿಡ್ಡ: ಎರಡು ತಪ್ಪು ಸೇರಿ 4 ಪಾಯಿಂಟಾದರೆ ತರಗತಿಗೆ ಕರೆಯುತ್ತಾರೆ.

ಈ ಪಟ್ಟಿಯಲ್ಲಿ ನಮ್ಮವರು ನಂಬದ ಒಂದು ಸಾಲಿದೆ. ಮುಂದಿನ ಕಾರಿಗೆ ಅಂಟಿಕೊಂಡು ಓಡಿಸಿದರೆ, ಟೈಲ್‌ಗೇಟಿಂಗ್ ಎನ್ನುತ್ತಾರಲ್ಲ, ಅದಕ್ಕೆ 5 ಪಾಯಿಂಟು. ಅಜಾಗರೂಕ ಚಾಲನೆಯ ಅತಿ ಗಂಭೀರ ಕಲಮಿಗೆ, ರೆಕ್‌ಲೆಸ್ ಡ್ರೈವಿಂಗಿಗೆ, ಇರುವುದೂ ಅಷ್ಟೇ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಗಾಡಿ ಕಲಿತವರಿಗೆ ಇದು ಅನ್ಯಾಯವೆನಿಸುವುದು ಸಹಜ. ಅಲ್ಲಿ ಮುಂದಿನ ಬಂಪರಿಗೂ ನಮ್ಮದಕ್ಕೂ ನಡುವೆ ಒಂದು ಸ್ಕೂಟರು ತೂರುವಷ್ಟು ಜಾಗ ಬಿಟ್ಟರೆ ತೂರಿಯೇ ತೂರುತ್ತದೆ. ಜಾಗ ಬಿಡದಿರುವುದೇ ಅಲ್ಲಿಯ ಜಾಣತನ. ಆದರೆ ಅಲ್ಲಿಯ ವೇಗ ಗಂಟೆಗೆ ಹತ್ತು ಹದಿನೈದು ಕಿಲೋಮೀಟರು. ಇಲ್ಲಿ 65 ಮೈಲಿ ಎಂದರೆ 105 ಕಿಲೋಮೀಟರು, ಸೆಕೆಂಡಿಗೆ 29 ಮೀಟರು. ಮುಂದಿನವರು ಬ್ರೇಕ್ ಒತ್ತಿದ್ದು ನಿಮ್ಮ ಕಣ್ಣಿಗೆ ಬಿದ್ದು ಕಾಲು ಪೆಡಲಿಗೆ ಬರುವಷ್ಟರಲ್ಲಿ ಕಾರು ಒಂದು ಮದುವೆ ಛತ್ರದಷ್ಟು ಉದ್ದ ಮುಂದೆ ಹೋಗಿರುತ್ತದೆ. ಆ 5 ಪಾಯಿಂಟು ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ.

ಪಾಯಿಂಟಿಲ್ಲ ಎಂದ ಮಾತ್ರಕ್ಕೆ ತಪ್ಪು ಚಿಕ್ಕದೂ ಅಲ್ಲ. ಕೈಯಲ್ಲಿ ಫೋನು ಹಿಡಿದು ಓಡಿಸಿದರೆ ಮೊದಲ ಸಲಕ್ಕೆ 200ರಿಂದ 400 ಡಾಲರ್, ಎರಡನೆಯದಕ್ಕೆ 400ರಿಂದ 600. ಪಾಯಿಂಟು ಬರುವುದು ಮೂರನೆಯ ಸಲಕ್ಕೆ, 600ರಿಂದ 800 ಡಾಲರಿನ ಜತೆ 3 ಪಾಯಿಂಟು, 90 ದಿನದ ಅಮಾನತೂ ಆಗಬಹುದು. ಕುಡಿದು ಓಡಿಸಿದ್ದಕ್ಕೆ ನ್ಯೂಜೆರ್ಸಿಯಲ್ಲಿ ಒಂದು ಪಾಯಿಂಟೂ ಇಲ್ಲ. ಅದನ್ನು ಪಾಯಿಂಟಿನಲ್ಲಿ ಅಳೆಯುವುದೇ ಇಲ್ಲ, ಅಷ್ಟೇ. ಮೊದಲ ಸಲಕ್ಕೇ ವರ್ಷಕ್ಕೆ ಸಾವಿರ ಡಾಲರಿನಂತೆ ಮೂರು ವರ್ಷ ಸರ್‌ಚಾರ್ಜು, ಅದರ ಜತೆ ಲೈಸೆನ್ಸಿನ ಮೇಲೂ ಏಟು. ವೀಸಾದಲ್ಲಿರುವವರಿಗೆ ಇನ್ನೂ ಕಷ್ಟ: ಶಿಕ್ಷೆಯಾಗುವ ತನಕ ಕಾಯದೆ, ಬಂಧನವಾದದ್ದಷ್ಟನ್ನೇ ನೋಡಿ ವೀಸಾ ರದ್ದು ಮಾಡುವ ಅಧಿಕಾರ ವಿದೇಶಾಂಗ ಇಲಾಖೆಗಿದೆ, ಅದನ್ನು ಬಳಸುತ್ತಲೂ ಇದ್ದಾರೆ. ವೀಕೆಂಡ್ ಪಾರ್ಟಿ ಮುಗಿಸಿ ಹೊರಡುವಾಗ ಟ್ಯಾಕ್ಸಿ ಕರೆಯಿರಿ. ಇದರಲ್ಲಿ ಚೌಕಾಸಿ ಇಲ್ಲ.

ಬಂದ ಪಾಯಿಂಟು ಇಳಿಯುತ್ತದೆ. ಕೊನೆಯ ತಪ್ಪಿನಿಂದ ಒಂದು ವರ್ಷ ಯಾವ ತಪ್ಪೂ, ಅಮಾನತೂ ಇಲ್ಲದೆ ಓಡಿಸಿದರೆ 3 ಪಾಯಿಂಟು ಕಳೆಯುತ್ತಾರೆ. ಡಿಫೆನ್ಸಿವ್ ಡ್ರೈವಿಂಗ್ ತರಗತಿ ಮಾಡಿದರೆ 2. ಆದರೆ ಐದು ವರ್ಷಕ್ಕೊಮ್ಮೆ ಮಾತ್ರ. ಈ ತರಗತಿಯಿಂದ ವಿಮೆಯ ಕಂತಿನಲ್ಲಿ ಮೂರು ವರ್ಷ ರಿಯಾಯಿತಿಯೂ ಸಿಗುವುದರಿಂದ ಪಾಯಿಂಟಿಲ್ಲದವರೂ ಮಾಡಬಹುದು. ಪಾಯಿಂಟು ಇಳಿದರೂ ತಪ್ಪಿನ ಸಾಲು ಅಳಿಯುವುದಿಲ್ಲ ಎಂಬುದು ಮಾತ್ರ ಗಮನದಲ್ಲಿರಲಿ. ವಿಮೆಯವರು ನೋಡುವುದು ಆ ಸಾಲನ್ನು. ಅವರಿಗೆ ಅವರದೇ ಎಣಿಕೆಯಿದೆ. ಕಮಿಷನ್ ಮೂರು ಕಳೆಯಿತೆಂದು ಅವರು ಕಳೆಯಬೇಕಿಲ್ಲ.

ನಿಮ್ಮ ಸಾಲುಗಳನ್ನು ನೀವೇ ನೋಡುವ ದಾರಿ ಸುಲಭ. ಡ್ರೈವರ್ ಹಿಸ್ಟರಿ ಅಬ್‌ಸ್ಟ್ರಾಕ್ಟ್ ಎಂಬ ಐದು ವರ್ಷದ ದಾಖಲೆಯನ್ನು ಕಮಿಷನ್ 15 ಡಾಲರಿಗೆ ಕೊಡುತ್ತದೆ. ಟಿಕೆಟ್ ಬಂದಿರಲಿ ಬಿಡಲಿ, ವರ್ಷಕ್ಕೊಮ್ಮೆ ತೆಗೆದು ನೋಡಿ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುತ್ತೇವಲ್ಲ, ಅದೇ ದಿನ ನಾಲ್ಕೂ ಜನರ ಅಬ್‌ಸ್ಟ್ರಾಕ್ಟ್ ತೆಗೆದು ಮೇಜಿನ ಮೇಲೆ ಹರಡಿ ಓದುತ್ತೇವೆ. 2010ರ ನಂತರ ಒಂದು ವರ್ಷವೂ ತಪ್ಪಿಸಿಲ್ಲ.

ಕೋರ್ಟಿಗೆ ಹೋಗುವುದೆಂದರೆ ನಮ್ಮ ಜನಕ್ಕೆ ಒಂದು ಹೆದರಿಕೆ ಇದೆ. ಕೋರ್ಟು ಕಚೇರಿ ಅಲೆಯುವುದು ಎಂಬ ಮಾತೇ ಶಾಪದ ಹಾಗೆ ಕೇಳಿಸುವ ಮನೆಗಳಿಂದ ಬಂದವರು ನಾವು. ಇಲ್ಲಿಯ ಮುನಿಸಿಪಲ್ ಕೋರ್ಟು ಅಂಥದ್ದಲ್ಲ. ನ್ಯಾಯಾಧೀಶರು ಮೊದಲು ಎಲ್ಲರ ಹಕ್ಕುಗಳನ್ನು ವಿವರಿಸುತ್ತಾರೆ. ಪ್ರಾಸಿಕ್ಯೂಟರ್ ನಿಮ್ಮ ಜತೆ ಮಾತಾಡುತ್ತಾರೆ, ಹಿಂದಿನ ದಾಖಲೆ ಶುದ್ಧವಾಗಿದ್ದರೆ ಕಡಿಮೆ ಪಾಯಿಂಟಿನ ಕಲಮಿಗೆ ಇಳಿಸಲು ಒಪ್ಪುವುದುಂಟು. ಈಗ ಬಹಳಷ್ಟು ಕಲಾಪ ವೀಡಿಯೊದಲ್ಲೇ ನಡೆಯುತ್ತದೆ. ಭಾಷೆ ತೊಡಕಾದರೆ ದುಭಾಷಿಯನ್ನು ಕೇಳುವ ಹಕ್ಕಿದೆ, ಅದಕ್ಕೆ ದುಡ್ಡಿಲ್ಲ. ಮಗಳ ಬಾಣಂತನಕ್ಕೆಂದು ಬಂದ ಅಪ್ಪ ಅಮ್ಮ ಸಾಕ್ಷಿ ಹೇಳಬೇಕಾಗಿ ಬಂದರೆ, ಕಚೇರಿಯವರು "ಹಿಂದಿ ಸಾಕೇ?" ಎಂದು ಕೇಳಬಹುದು. ಸಾಲದು, ಕನ್ನಡ ಬೇಕು ಎಂದು ಮುಂಚಿತವಾಗಿ ಬರೆದು ತಿಳಿಸಿ. ಹಾಸನದ ಹಳ್ಳಿಯ ತಾಯಿಯೊಬ್ಬಳು ತಾನು ಕಣ್ಣಾರೆ ಕಂಡದ್ದನ್ನು ತನಗೆ ಬಾರದ ಭಾಷೆಯಲ್ಲಿ ಹೇಳಬೇಕಾಗಬಾರದು.

ಇನ್ನೊಂದು ವಿಷಯದಲ್ಲಿ ನನ್ನ ಮನಸ್ಸು ಇನ್ನೂ ತೂಗಾಡುತ್ತಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಅನ್‌ಸೇಫ್ ಡ್ರೈವಿಂಗ್ ಎಂಬ ಕಲಮಿದೆ. ಪ್ರಾಸಿಕ್ಯೂಟರ್ ಒಪ್ಪಿ, ನಿಮ್ಮ ಸ್ಪೀಡಿಂಗನ್ನು ಅದಕ್ಕೆ ಬದಲಾಯಿಸಿದರೆ ಮೊದಲೆರಡು ಸಲ ಪಾಯಿಂಟಿಲ್ಲ. ಅದಕ್ಕೆ ಬದಲಾಗಿ ದಂಡದ ಜತೆ 250 ಡಾಲರ್ ಸರ್‌ಚಾರ್ಜು. ಐದು ವರ್ಷದೊಳಗೆ ಮೂರನೆಯದಾದರೆ 4 ಪಾಯಿಂಟು. ಸಂಸಾರ ನಡೆಸುವ, ಕೆಲಸಕ್ಕೆ ಕಾರೇ ಗತಿಯಾದವರಿಗೆ ಇದು ಆಸರೆ. ನಮ್ಮ ಪೈಕಿ ಅನೇಕರು ಇದನ್ನು ಪಡೆದಿದ್ದಾರೆ, ತಪ್ಪಲ್ಲ. ಆದರೆ ಕೋರ್ಟಿನ ಬೆಂಚುಗಳಲ್ಲಿ ಕೂತಾಗ ನನಗೆ ಕಂಡದ್ದು: 250 ಡಾಲರ್ ಕೊಡಬಲ್ಲ ಎಂಜಿನಿಯರು ಪಾಯಿಂಟಿಲ್ಲದೆ ಹೊರಟ, ಅದನ್ನು ಹೊಂದಿಸಲಾಗದ ಅಂಗಡಿಯ ಕೆಲಸದವನು 2 ಪಾಯಿಂಟು ಒಪ್ಪಿಕೊಂಡು ಹೊರಟ. ಅಪಾಯಕಾರಿ ಚಾಲಕರನ್ನು ಎಣಿಸುವುದಕ್ಕೆಂದು ಹುಟ್ಟಿದ ಲೆಕ್ಕದಿಂದ ಹಣವುಳ್ಳವರು ತಪ್ಪಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನೀವು ಆ ಕಲಮನ್ನು ಪಡೆಯುವುದಾದರೆ ಪಡೆಯಿರಿ. ಆದರೆ ನಿಮ್ಮ ಮನಸ್ಸಿನೊಳಗಿನ ಲೆಕ್ಕದಲ್ಲಾದರೂ ಆ ಪಾಯಿಂಟುಗಳನ್ನು ಬರೆದಿಟ್ಟುಕೊಳ್ಳಿ.

ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. 2025ರ ಏಪ್ರಿಲ್‌ನಲ್ಲಿ ಈ ದೇಶದ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಲಸೆ ದಾಖಲೆಗಳನ್ನು ಏಕಾಏಕಿ ಕೊನೆಗೊಳಿಸಿದ್ದು ನಿಮಗೆ ಗೊತ್ತೇ ಇದೆ. ಅವರಲ್ಲಿ ಹಲವರ ಮೇಲಿದ್ದದ್ದು ಟ್ರಾಫಿಕ್ ಟಿಕೆಟ್ ಮಾತ್ರ. ಕೆಲವರ ಮೊಕದ್ದಮೆ ವಜಾ ಕೂಡ ಆಗಿತ್ತು. ಅವರು ನ್ಯಾಯಾಲಯಕ್ಕೆ ಹೋದರು, ಹಲವು ನ್ಯಾಯಾಧೀಶರು ತಡೆ ಕೊಟ್ಟರು, ತಿಂಗಳ ಕೊನೆಯ ಹೊತ್ತಿಗೆ ಸರಕಾರ ದಾಖಲೆಗಳನ್ನು ಮರಳಿಸಿತು. ಆ ಮೂರು ವಾರ ನಮ್ಮ ಮನೆಗೆ ಬಂದು ಹೋದ ಮಕ್ಕಳ ಮುಖ ನಾನು ಮರೆಯಲಾರೆ. ಮೊಕದ್ದಮೆ ಮುಗಿದಿದೆಯೆಂದು ಅವರು ಬಾಯಲ್ಲಿ ಹೇಳುತ್ತಿದ್ದರು, ಕೈಯಲ್ಲಿ ಕಾಗದವಿರಲಿಲ್ಲ. ಆದ್ದರಿಂದ ಟಿಕೆಟ್ ಯಾವುದೇ ಇರಲಿ, ಎಷ್ಟೇ ಸಣ್ಣದಿರಲಿ, ತೀರ್ಮಾನವಾದ ಮೇಲೆ ಆ ಕೋರ್ಟಿನಿಂದ ಮುದ್ರೆಯಿರುವ ಸರ್ಟಿಫೈಡ್ ಡಿಸ್ಪೊಸಿಷನ್ ತೆಗೆದುಕೊಳ್ಳಿ. ಯಾವ ದಿನ, ಯಾವ ಕಲಮು, ಏನು ತೀರ್ಪು, ದಂಡ ಸಂದಾಯವಾಯಿತೇ ಎಂಬುದು ಅದರಲ್ಲಿರುತ್ತದೆ. ಹಳೆಯ ಕಡತಗಳನ್ನು ಕೋರ್ಟುಗಳು ನಿಯಮದ ಪ್ರಕಾರ ಕೆಲವು ವರ್ಷಗಳ ನಂತರ ನಾಶಮಾಡುತ್ತವೆ. ಗ್ರೀನ್ ಕಾರ್ಡೋ ಪೌರತ್ವವೋ ಎಂದು ಹತ್ತು ವರ್ಷದ ಮೇಲೆ ಕೇಳಿದಾಗ ಸಿಗದೆ ಹೋಗಬಹುದು. ಪಾಸ್‌ಪೋರ್ಟ್ ಇಡುವ ಪೆಟ್ಟಿಗೆಯಲ್ಲೇ ಇದನ್ನೂ ಇಡಿ. ಅರ್ಜಿಗಳಲ್ಲಿ ಇದನ್ನು ಹೇಳಬೇಕೇ ಬೇಡವೇ ಎಂಬುದನ್ನು ವಲಸೆ ವಕೀಲರನ್ನು ಕೇಳಿ, ನನ್ನನ್ನಲ್ಲ, ವಾಟ್ಸಾಪ್ ಗುಂಪನ್ನಂತೂ ಅಲ್ಲವೇ ಅಲ್ಲ.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋಗುವವರು ಇಲ್ಲಿಯ ಲೆಕ್ಕವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ. ಬಹುಪಾಲು ತಪ್ಪಿಗೆ 1 ಪಾಯಿಂಟು, ಆದರೆ ವರ್ಷದಲ್ಲಿ 4 ಆದರೆ ಸಾಕು, ಲೈಸೆನ್ಸಿಗೆ ಕುತ್ತು. ನ್ಯೂಯಾರ್ಕ್ ನಗರದ ಐದು ಬರೋಗಳಲ್ಲಿ ಪ್ರಾಸಿಕ್ಯೂಟರ್ ಜತೆ ಮಾತುಕತೆಯೇ ಇಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಪಾಯಿಂಟಿಲ್ಲ, ತಪ್ಪುಗಳನ್ನೇ ಎಣಿಸುತ್ತಾರೆ. ವರ್ಜೀನಿಯಾಕ್ಕೆ ಹೋಗುವವರು ಮಾತ್ರ ಇದನ್ನು ಎರಡು ಸಲ ಓದಿ: ಅಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು, ಇಲ್ಲವೇ ಮಿತಿ ಏನೇ ಇರಲಿ 85 ಮೈಲಿ ದಾಟಿ ಓಡಿಸಿದರೆ ಅದು ಟ್ರಾಫಿಕ್ ಟಿಕೆಟ್ ಅಲ್ಲ, ರೆಕ್‌ಲೆಸ್ ಡ್ರೈವಿಂಗ್ ಎಂಬ ಕ್ರಿಮಿನಲ್ ಅಪರಾಧ. ನ್ಯೂಜೆರ್ಸಿಯಿಂದ ವಾಷಿಂಗ್ಟನ್ ಡಿ.ಸಿ. ನೋಡಲು ಹೊರಟು ವರ್ಜೀನಿಯಾದ ಲೌಡನ್ ಕೌಂಟಿಯ ಗೆಳೆಯನ ಮನೆಗೆ ಹೋಗುವಾಗ ರಾಜ್ಯದ ಗೆರೆ ಎಲ್ಲಿ ದಾಟಿತೆಂಬುದು ಕಣ್ಣಿಗೆ ಕಾಣುವುದಿಲ್ಲ.

ಪೊಲೀಸರು ನಿಲ್ಲಿಸಿದಾಗ ಕಾರಿನಿಂದ ಇಳಿಯಬೇಡಿ. ಊರಿನಲ್ಲಿ ಇಳಿದು ಹೋಗಿ "ಸರ್" ಎನ್ನುವುದು ಮರ್ಯಾದೆ. ಇಲ್ಲಿ ಅದು ಬೆದರಿಕೆಯಂತೆ ಕಾಣುತ್ತದೆ. ಕೈ ಸ್ಟೀರಿಂಗಿನ ಮೇಲಿರಲಿ. ಲೈಸೆನ್ಸು, ರಿಜಿಸ್ಟ್ರೇಷನ್, ವಿಮೆಯ ಕಾರ್ಡು, ಈ ಮೂರು ಕೇಳುತ್ತಾರೆ. "ಇಲ್ಲೇ ಏನಾದರೂ ಮಾಡಿ ಮುಗಿಸೋಣ" ಎಂಬ ಮಾತು ತಮಾಷೆಗೂ ಬಾಯಿಂದ ಬರಬಾರದು, ಅದು ಟ್ರಾಫಿಕ್ ಕೋರ್ಟಿನಲ್ಲಿ ಮುಗಿಯುವ ತಪ್ಪಲ್ಲ.

ಕೊನೆಗೆ, ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದ ಒಂದು ಸಾಲು. ಕ್ರಾಸ್‌ವಾಕಿನಲ್ಲಿ ನಡೆದುಹೋಗುವವರಿಗೆ ಪೂರ್ತಿ ನಿಲ್ಲಬೇಕು, ಅವರು ದಾಟುವ ತನಕ ನಿಂತೇ ಇರಬೇಕು. 2010ರಿಂದ ನ್ಯೂಜೆರ್ಸಿಯ ಕಾನೂನಿದು. ನಿಲ್ಲದಿದ್ದರೆ 200 ಡಾಲರ್, 2 ಪಾಯಿಂಟು. ಮೇ ತಿಂಗಳು ಬಂತೆಂದರೆ ನಮ್ಮ ಬೀದಿಗಳಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರು ಸಂಜೆ ನಡೆಯಲು ಹೊರಡುತ್ತಾರೆ. ಸೀರೆಯ ಮೇಲೆ ಸ್ವೆಟರು, ಪಂಚೆಯ ಕೆಳಗೆ ಮೊಮ್ಮಗ ಕೊಡಿಸಿದ ಬಿಳಿ ಬೂಟು. ಎಡಕ್ಕೆ ನೋಡಬೇಕಾದಲ್ಲಿ ಅಭ್ಯಾಸಬಲದಿಂದ ಬಲಕ್ಕೆ ನೋಡುತ್ತಾರೆ. ಕಾರು ನಿಂತರೂ ದಾಟಲು ಅನುಮಾನಿಸಿ, ಕೈಯೆತ್ತಿ "ನೀವು ಹೋಗಿ" ಎನ್ನುತ್ತಾರೆ. ನೀವು ಹೋಗಬೇಡಿ. ನಿಂತೇ ಇರಿ, ಅವರು ಆಚೆ ಬದಿಯ ಹುಲ್ಲಿನ ಮೇಲೆ ಕಾಲಿಡುವ ತನಕ.

ಯುಗಾದಿಯ ದಿನ ಪಕ್ಕದಲ್ಲಿ ಕೂತಿದ್ದ ತಮ್ಮನೇ, ಇದನ್ನು ಓದುತ್ತಿದ್ದರೆ, 15 ಡಾಲರ್ ಕಟ್ಟಿ ನಿನ್ನ ಅಬ್‌ಸ್ಟ್ರಾಕ್ಟ್ ತೆಗೆದುಕೋ. ಶನಿವಾರ ಬೆಳಿಗ್ಗೆ ಕನ್ನಡ ಶಾಲೆ ನಡೆಯುವಷ್ಟು ಹೊತ್ತೂ ನಾನು ಹೊರಗಿನ ಬೆಂಚಿನ ಮೇಲೆ ಇರುತ್ತೇನೆ. ತಂದರೆ ಕೂತು ಒಂದೊಂದು ಸಾಲನ್ನೂ ಓದೋಣ.

ನಿಮ್ಮ,
ಎಡಿಸನ್ನಿನ ಒಬ್ಬ ಅಕ್ಕ